ಕೆಂಪು ಕೊಕ್ಕಿನ ತಟ್ಟೆ

“ಅಕ್ಕಾರ, ಅಪ್ಪ ಕುಂಚ ಹಿಡದಾನ್ರೀ! ಎಡಗೈಲೆ! ಗಿಳಿ ಕೊಕ್ಕಿಗೆ ಬಣ್ಣ ಹಚ್ಯಾನ್ರೀ!”

ಅನಸೂಯಾ ಚಪ್ಪಲಿಯನ್ನೂ ಬಿಡದೆ ಒಳಗೆ ಬಂದು ಒಂದೇ ಉಸಿರಿಗೆ ಹೇಳಿದಳು. ಅವಳ ಕೈಯಲ್ಲಿ ಹಳೆಯ ಟವೆಲಿನೊಳಗೆ ಸುತ್ತಿಕೊಂಡಿದ್ದದ್ದು ನಾನು. ಕುಮುದಕ್ಕ ಮಣ್ಣುಗೈಯಲ್ಲೇ ಬಾಯಿ ಮುಚ್ಚಿಕೊಂಡರು. ಕೆನ್ನೆಯ ಮೇಲೆ ಬೆರಳುಗಳ ಗುರುತು ಬಿತ್ತು. ಇಬ್ಬರೂ ನಗುತ್ತಿದ್ದರು. ನನಗೆ ಮಾತ್ರ ನಗು ಬರಲಿಲ್ಲ.

ನಾನು ಒಂದು ಪಿಂಗಾಣಿ ತಟ್ಟೆ. ಊಟಕ್ಕಲ್ಲ, ಗೋಡೆಗೆ. ಹುಟ್ಟಿದ್ದು ಧಾರವಾಡದಲ್ಲಿ, ಕುಮುದಕ್ಕನ ತಿಗರಿಯ ಮೇಲೆ. ಗರಗರ ತಿರುಗಿ ಅಗಲವಾದೆ, ನೆರಳಲ್ಲಿ ಒಣಗಿದೆ, ಒಲೆಯಲ್ಲಿ ಒಮ್ಮೆ ಸುಟ್ಟು ಗಟ್ಟಿಯಾದೆ. ಆಮೇಲೆ ಮಾರುತೆಪ್ಪನ ಕೈಗೆ ಹೋದೆ.

ಅನಸೂಯಾಳ ಅಪ್ಪ ಮಾರುತೆಪ್ಪ ಕಲಘಟಗಿಯ ತೊಟ್ಟಿಲಿಗೆ ಬಣ್ಣ ಬರೆಯುವ ಮನೆತನದವನು. ಕುಮುದಕ್ಕ ತಟ್ಟೆ ಮಾಡುವುದು, ಅವನು ಚಿತ್ರ ಬರೆಯುವುದು, ಕುಮುದಕ್ಕ ಅದರ ಮೇಲೆ ಹಾಲಿನಂಥ, ಸುಟ್ಟರೆ ಗಾಜಿನ ಹಾಗೆ ತಿಳಿಯಾಗುವ ಮೆರುಗು ಸುರಿದು ಮತ್ತೆ ಸುಡುವುದು. ವರ್ಷಗಳಿಂದ ಹೀಗೇ ನಡೆದಿತ್ತು. ನಮ್ಮ ಬಣ್ಣಗಳದ್ದು ವಿಚಿತ್ರ ಹಣೆಬರಹ. ಬಳಿಯುವಾಗ ನೀಲಿಯೂ ಬೂದಿ, ಹಸಿರೂ ಮಸಿ. ಒಲೆಯಿಂದ ಹೊರಬಂದ ಮೇಲೆಯೇ ಅವಕ್ಕೆ ಜೀವ. ಆದರೆ ತೊಟ್ಟಿಲಿನ ಗಿಳಿಯ ಕೊಕ್ಕಿಗೆ ಹಚ್ಚುವ ಆ ಕೆಂಪು ಮಾತ್ರ ಕುಮುದಕ್ಕನ ಒಲೆಯಲ್ಲಿ ಒಮ್ಮೆಯೂ ನಿಲ್ಲಲಿಲ್ಲ.

“ನಿಮ್ಮ ಒಲಿ ಭಾಳ ಹೊಟ್ಟಿಬಾಕ ಐತ್ರಿ ಬಾಯಾರ, ಗಿಳಿ ಬಿಟ್ಟು ಕೊಕ್ಕಷ್ಟ ತಿಂತೈತಿ,” ಎಂದು ಅವನು ಛೇಡಿಸುತ್ತಿದ್ದ.

“ಕಂದು ಬಣ್ಣ ಹಚ್ಚೋ ಮಾರಾಯಾ. ಗಿಳಿ ಏನು ಕನ್ನಡಿ ನೋಡ್ಕೋತದೇನು?”

ನನ್ನ ಮೇಲೂ ಒಂದು ಗಿಳಿ ಬರೆದ. ರೆಕ್ಕೆ ಮುಗಿಯಿತು, ಕಣ್ಣು ಮುಗಿಯಿತು. ಕೊಕ್ಕಿಗೆ ಬಂದಾಗ ಕುಂಚ ಕೈಯಿಂದ ಜಾರಿತು. ಹಿಂದೆಯೇ ಅವನೂ ಜಾರಿದ. ಲಕ್ವಾ ಹೊಡೆದಿತ್ತು. ಬಲಗೈ ಹೋಯಿತು, ಮಾತು ತೊದಲಾಯಿತು. ಮನೆಯಲ್ಲಿ ಯಾರಾದರೂ ಕುಂಚದ ಡಬ್ಬಿ ಮುಟ್ಟಿದರೂ ಮುಖ ಗೋಡೆಗೆ ತಿರುಗಿಸುತ್ತಿದ್ದನಂತೆ. ನಾನು ಬೋಳು ಮೂತಿಯ ಗಿಳಿಯನ್ನು ಹೊತ್ತು ಕಪಾಟಿನಲ್ಲಿ ಧೂಳು ತಿನ್ನುತ್ತ ಕೂತೆ.

ಕೊನೆಗೆ ಕುಮುದಕ್ಕ ಅನಸೂಯಾಳ ಕೈಯಲ್ಲಿ ನನ್ನನ್ನೂ ಒಂದು ಬಟ್ಟಲು ಕಂದು ಬಣ್ಣವನ್ನೂ ಅವನ ಮನೆಗೆ ಕಳಿಸಿದರು. “ಬರೀಲಿ, ಬಿಡ್ಲಿ, ಮುಂದ ಇಟ್ಟು ಬಾ,” ಎಂದಿದ್ದರು.

ಆವತ್ತು ಮಧ್ಯಾಹ್ನ ನಾನು ನೋಡಿದ್ದನ್ನು ಬೇರೆ ಯಾರೂ ನೋಡಿಲ್ಲ. ಮಾರುತೆಪ್ಪ ಬಟ್ಟಲನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿದ. ಮಂಚದ ಕೆಳಗಿನ ಹಳೆಯ ಪೆಟ್ಟಿಗೆಯಿಂದ ಕೆಂಪು ಎಣ್ಣೆಬಣ್ಣದ ಟ್ಯೂಬ್ ತೆಗೆದು, ಮುಚ್ಚಳವನ್ನು ಹಲ್ಲಿನಿಂದ ತಿರುಗಿಸಿದ. ಎಡಗೈ ಗಡಗಡ ನಡುಗುತ್ತಿತ್ತು. ಕುಂಚ ನನ್ನನ್ನು ಮುಟ್ಟುತ್ತಿತ್ತು, ಹಾರುತ್ತಿತ್ತು, ಮತ್ತೆ ಮುಟ್ಟುತ್ತಿತ್ತು. ಹೆಬ್ಬೆರಳಿನಷ್ಟು ಕೊಕ್ಕಿಗೆ ಇಡೀ ಮಧ್ಯಾಹ್ನ ಹಿಡಿಯಿತು. ಸೊಟ್ಟಗಿತ್ತು. ಆದರೆ ಕೆಂಪಗಿತ್ತು, ಆಗಲೇ, ಕಣ್ಣೆದುರೇ. ಅವನ ಅರ್ಧ ಬಾಯಿ ನಕ್ಕಿತು. ಆ ಬಣ್ಣ ಬೆಂಕಿಗೆ ನಿಲ್ಲುವುದಿಲ್ಲ ಎಂಬುದನ್ನು ಮರೆತಿದ್ದನೋ, ಮರೆಯಲೇಬೇಕು ಎಂದುಕೊಂಡಿದ್ದನೋ, ನನಗೆ ತಿಳಿಯಲಿಲ್ಲ. ಕೂಗಿ ಹೇಳೋಣವೆಂದರೆ ತಟ್ಟೆಗೆಲ್ಲಿ ಬಾಯಿ?

ಬಣ್ಣ ಒಣಗಿದ ಮೇಲೆ ಅನಸೂಯಾ ನನ್ನನ್ನು ಎತ್ತಿಕೊಂಡು ಓಡಿ ಬಂದದ್ದು ಹೀಗೆ. ಕುಮುದಕ್ಕ ಕನ್ನಡಕವನ್ನೂ ಹುಡುಕಲಿಲ್ಲ. ಆ ಸಂತೋಷದಲ್ಲಿ ಮೆರುಗನ್ನು ಕಲಕಿ ನನ್ನ ಮೇಲೆ ಸುರಿದೇಬಿಟ್ಟರು. ರೆಕ್ಕೆ ಮುಚ್ಚಿತು, ಕಣ್ಣು ಮುಚ್ಚಿತು, ನಾನು ಪೂರಾ ಬಿಳಿಯಾದೆ. ಕೊಕ್ಕಿನ ಮೇಲೆ ಮಾತ್ರ ಅದು ಎಣ್ಣೆ ಸವರಿದ ಹೆಂಚಿನ ಮೇಲಿನ ನೀರಿನ ಹಾಗೆ ಸರಿದುಹೋಯಿತು.

ಅನಸೂಯಾ ಚಪ್ಪಾಳೆ ತಟ್ಟಿದಳು. “ನೋಡ್ರಿ ಅಕ್ಕಾರ, ಕೆಂಪಷ್ಟ ಎದ್ದು ಕಾಣತೈತಿ!”

ಕುಮುದಕ್ಕ ಬಗ್ಗಿ ಮೂಸಿದರು. ಎಣ್ಣೆಬಣ್ಣದ ಅಗಸೆಎಣ್ಣೆಯ ವಾಸನೆ. ಹಾಗೆಯೇ ಸ್ಟೂಲಿನ ಮೇಲೆ ಕುಸಿದು ಕೂತರು.

“ಇದು ಟ್ಯೂಬಿಂದು, ಅನು. ಒಲ್ಯಾಗ ಇಟ್ರ ಸುಟ್ಟು ಹೋಗ್ತದ. ಮೆರುಗೂ ಹಿಡಿದಿಲ್ಲ. ಅಲ್ಲಿ ಬರೇ ಬೋಳು ಮಣ್ಣು ಉಳೀತದ.”

“ಹಂಗಾರ ಸುಡಬ್ಯಾಡ್ರಿ.”

“ಸುಡದಿದ್ರ ಗಿಳಿನೇ ಕಾಣೂದಿಲ್ಲ. ಅವಸರ ಮಾಡಿ ಮ್ಯಾಲೆ ಸುರದ್ನಲ್ಲ! ಈಗ ತೊಳೀಲಿಕ್ಕೆ ಹೋದ್ರ ಕೆಳಗಿನ ಬಣ್ಣನೂ ಕಿತ್ತು ಬರ್ತದ.”

ಅನಸೂಯಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ಒಲಿ ಹಚ್ಚೂದು ನೋಡಾಕ ಬರ್ತೇನಂತ ಹೊಸಾ ಅಂಗಿ ತಗಿಸಿ ಇಟ್ಕೊಂಡಾನ್ರೀ. ನನ್ನ ಕೈಲೆ ಹೇಳಾಕ ಆಗೂದಿಲ್ಲ. ನೀವ ಹೇಳ್ರಿ.”

ಕುಮುದಕ್ಕ ನನ್ನನ್ನು ಎತ್ತಿ ಒಲೆಯ ಬಾಯಿಯ ಹತ್ತಿರದ ಹಲಗೆಯ ಮೇಲೆ ಇಟ್ಟರು. ಬೆಂಕಿಯಿಂದ ಹೊರಬಂದರೆ ನನ್ನ ಮೇಲೆ ನೀಲಿ ಹಸಿರು ಗಿಳಿ ಹೊಳೆಯುತ್ತದೆ. ಎಡಗೈ ನಡುಗಿದಷ್ಟು ಜಾಗ ಮಾತ್ರ ಒರಟಾಗಿ, ಬಣ್ಣವಿಲ್ಲದೆ, ಸೊಟ್ಟಗೆ ಉಳಿಯುತ್ತದೆ. ಅದನ್ನು ನೋಡಿ ಅವನು ಇನ್ನೊಮ್ಮೆ ಕುಂಚ ಹಿಡಿದಾನೇ? ನನಗೆ ಹಾಗೆ ಅನ್ನಿಸುವುದಿಲ್ಲ. ತಟ್ಟೆಯಾಗಿ ಹುಟ್ಟಿದ್ದಕ್ಕೆ ಬೆಂಕಿಯನ್ನೇ ಬಯಸಿದ್ದೆ. ಈಗ ಅದರ ಬಾಗಿಲ ಹತ್ತಿರ ಕೂತು, ಒಲೆ ಕೆಟ್ಟುಹೋಗಲಿ ಎಂದುಕೊಳ್ಳುತ್ತಿದ್ದೇನೆ.

“ನಾಳೆ ಹತ್ತಕ್ಕ ಕರಕೊಂಡು ಬಾ, ನಾನ ಹೇಳ್ತೀನಿ,” ಎಂದರು ಕುಮುದಕ್ಕ. “ನಿಮ್ಮಪ್ಪ ಬರೂತನಾ ಕಡ್ಡಿ ಗೀರೂದಿಲ್ಲ.”