ಬಿರಡೆ ಕಚ್ಚಿದ ಇಂಗ್ಲಿಷ್

೨೦೧೯ರ ಮಾರ್ಚ್ ಹನ್ನೆರಡು, ಮಂಗಳವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಡೆಮೊ ಮೇಡಂ ಆಕಳಿಸಲು ಹೋದರು. ಬಾಯಿ ಕಿರುಬೆರಳೂ ತೂರದಷ್ಟು ತೆರೆದು ಅಲ್ಲೇ ನಿಂತಿತು. ಹತ್ತೂವರೆಗೆ ಸಂದರ್ಶನ.

ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಹುಡುಗರ ಕೈಗೆ ಬ್ಯುರೆಟ್ ಕೊಟ್ಟು ಟೈಟ್ರೇಷನ್ ಕಲಿಸಿದ ಡೆಮಾನ್‌ಸ್ಟ್ರೇಟರ್ ಅವರು. ಉಪನ್ಯಾಸಕಿಯ ಹುದ್ದೆಗೆಂದು ಎರಡು ಸಲ ಹೋಗಿ ಬಂದಿದ್ದರು. ಎರಡು ಸಲವೂ ಸಮಿತಿ ವಿಷಯಜ್ಞಾನಕ್ಕೆ ತಲೆದೂಗಿ, ಇಂಗ್ಲಿಷ್ ಉಚ್ಚಾರಣೆಗೆ ಮೂಗು ಮುರಿದಿತ್ತು. ವಯೋಮಿತಿಯ ಪ್ರಕಾರ ಇದೇ ಕೊನೆಯ ಅವಕಾಶ.

ಅದಕ್ಕೇ ಟೈರ್ ಅಂಗಡಿಯ ಮಹಡಿಯ ಮೇಲಿನ ಇಂಗ್ಲಿಷ್ ಕ್ಲಾಸು. ಅಲ್ಲಿನ ಮೇಷ್ಟ್ರ ಪ್ರಕಾರ ಇಂಗ್ಲಿಷಿನಲ್ಲಿ ಜೋರು ಮಳೆಯೆಂದರೆ ನಾಯಿ ಬೆಕ್ಕು ಸುರಿಯಬೇಕು. ಯಾರಿಗಾದರೂ ಶುಭ ಹಾರೈಸುವುದಾದರೆ ಕಾಲು ಮುರಿದುಕೊಳ್ಳಲು ಹೇಳಬೇಕು. ಮೇಡಂ ಇದನ್ನೆಲ್ಲ ಆವರ್ತ ಕೋಷ್ಟಕದಂತೆ ಬಾಯಿಪಾಠ ಮಾಡಿದರು. ಉಚ್ಚಾರಣೆಗೆ ಮೇಷ್ಟ್ರು ಕೊಟ್ಟ ಮದ್ದೇ ಬೇರೆ: ಹಲ್ಲುಗಳ ನಡುವೆ ಬಾಟಲಿಯ ಬಿರಡೆ ಕಚ್ಚಿಕೊಂಡು ದಿನಕ್ಕೆ ಐದು ನಿಮಿಷ ಗಟ್ಟಿಯಾಗಿ ಓದುವುದು. ಐದು ನಿಮಿಷಕ್ಕೇ ಇಷ್ಟು ಗುಣ ಕಂಡರೆ ಎರಡು ಗಂಟೆಗೆ ಎಷ್ಟು? ವಿಜ್ಞಾನ ಓದಿದವರಲ್ಲವೇ, ಮನಸ್ಸಿನಲ್ಲೇ ಗ್ರಾಫ್ ಎಳೆದು ಗೆರೆಯನ್ನು ನೇರವಾಗಿ ಮುಂದುವರಿಸಿ, ಸಂದರ್ಶನದ ಹಿಂದಿನ ರಾತ್ರಿ ಪೂರ್ತಿ ಎರಡು ಗಂಟೆ ಬಿರಡೆ ಕಚ್ಚಿ ಓದಿಬಿಟ್ಟರು. ದವಡೆಗೆ ಗ್ರಾಫ್ ಓದಲು ಬರುತ್ತಿರಲಿಲ್ಲ.

"ಯಾಕೇ ಹಲ್ಲು ಕಚ್ಕೊಂಡು ನಿಂತಿದೀಯ? ನನ್ ಮೇಲೆ ಕೋಪಾನಾ?" ಎಂದರು ಅತ್ತೆ.

"ಇಲ್ಲ ಅತ್ತೆ. ಬಾಯಿ ಬಿಡಕ್ಕಾಗ್ತಿಲ್ಲ."

"ಅಯ್ಯೋ ಶಿವನೇ! ಮದ್ವೆಯಾಗಿ ಇಷ್ಟು ವರ್ಷ ಆದ್ಮೇಲೆ ನನಗೀ ಭಾಗ್ಯಾನಾ?"

"ಡಾಕ್ಟ್ರ ಹತ್ರ ಹೋಗೋಣ ನಡಿ," ಎಂದ ಗಂಡ.

"ಮೊದ್ಲು ಇಂಟರ್ವ್ಯೂ."

"ಸರಿ, ಹಾಗಾದ್ರೆ ಕಾಲು ಮುರ್ಕೊಂಡು ಬಾ."

"ಥೂ, ಬಿಡ್ತು ಅನ್ನೋ!" ಎಂದು ಅತ್ತೆ ಮಗನ ಬೆನ್ನಿಗೆ ಗುದ್ದಿದರು.

ಸಮಿತಿಯಲ್ಲಿ ಮೂವರಿದ್ದರು. ಮೇಡಂ ಉತ್ತರಗಳನ್ನು ಹಲ್ಲಿನ ಸಂದಿಯಿಂದಲೇ ಹೊರಗೆ ಕಳಿಸಿದರು. ಬಾಯಿಪಾಠದ ನಾಯಿ ಬೆಕ್ಕುಗಳಿಗೆ ಆ ಸಂದಿಯಲ್ಲಿ ದಾರಿಯಿರಲಿಲ್ಲ. ಬರೀ ರಸಾಯನಶಾಸ್ತ್ರ ತೂರಿ ಬಂತು, ಅದೂ ಉಸಿರು ಸೇರಿಕೊಂಡು, ಅಕ್ಷರ ನುಣ್ಣಗಾಗಿ. ಅಧ್ಯಕ್ಷರು ಖುಷಿಯಲ್ಲಿ ತಮ್ಮ ಇಂಗ್ಲಿಷನ್ನೇ ಮರೆತರು.

"ಏನ್ ಉಚ್ಚಾರಣೆ ರೀ! ಹೊರದೇಶದಲ್ಲಿ ಇದ್ರಾ?"

ಮೇಡಂ ಇಲ್ಲವೆಂದು ತಲೆಯಾಡಿಸಿದರು.

"ವಿನಯ ನೋಡ್ರಿ," ಎಂದರು ಪಕ್ಕದವರು.

ಹೇಳಿದ್ದರಲ್ಲಿ ಅರ್ಧಕ್ಕರ್ಧ ಅರ್ಥವಾಗದ್ದರಿಂದ ಇದು ಅಸಲಿ ಇಂಗ್ಲಿಷೇ ಎನ್ನುವುದರಲ್ಲಿ ಮೂವರಿಗೂ ಅನುಮಾನ ಉಳಿಯಲಿಲ್ಲ. ಹುದ್ದೆ ಅಲ್ಲೇ ಖಾತ್ರಿಯಾಯಿತು. "ಪಾಠ ಮಾಡುವಾಗ್ಲೂ ಹೀಗೇ ಮಾತಾಡ್ಬೇಕು, ಮತ್ತೆ!" ಎಂದು ಅಧ್ಯಕ್ಷರು ಬಾಗಿಲವರೆಗೂ ಬಂದು ಬೀಳ್ಕೊಟ್ಟರು.

ಮಧ್ಯಾಹ್ನ ದಂತವೈದ್ಯೆ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ಅಳತೆಪಟ್ಟಿ ಹಿಡಿದರು. "ನಲವತ್ತು ಮಿಲಿಮೀಟರಾದ್ರೂ ತೆರೀಬೇಕಿತ್ತು. ಯೋಚ್ನೆ ಮಾಡ್ಬೇಡಿ, ಎರಡು ವಾರದಲ್ಲಿ ಪೂರ್ತಿ ಸರಿಹೋಗತ್ತೆ."

"ಸರಿಹೋಗ್ಲೇಬೇಕಾ?" ಎಂದರು ಮೇಡಂ.

ವೈದ್ಯೆ ತಲೆಯೆತ್ತಿ ಒಮ್ಮೆ ನೋಡಿ, ಅಳತೆಪಟ್ಟಿಯನ್ನು ಮತ್ತೊಮ್ಮೆ ಹಿಡಿದರು. ಒಂಬತ್ತು ಮಿಲಿಮೀಟರ್.