ಕೇಳದೆ ಬಿಟ್ಟ ಪ್ರಶ್ನೆ

ಮಾರಿಸನ ಕಾಲು ಶೂ ಒಳಗೆ ಹೋಗಲಿಲ್ಲ. ಹೋದ ತಿಂಗಳು ಸಡಿಲ ಅಂತ ದೂರುತ್ತಿದ್ದ ಶೂ. ಬಾಗಿಲ ಚೌಕಟ್ಟು ಹಿಡಿದುಕೊಂಡು ಎರಡು ಸಲ ಹಿಮ್ಮಡಿ ತುರುಕಿ ನೋಡಿದ; ಆಮೇಲೆ ಏನೂ ಆಗದವನ ಹಾಗೆ ಚಪ್ಪಲಿ ಮೆಟ್ಟಿಕೊಂಡ.

"ಇಗರ್ಜಿಗೆ ಚಪ್ಪಲಿಯಲ್ಲಿ ಹೋಗುದಾ?" ಅಂದಳು ಹೆಂಡತಿ ಕೊನ್ಸೆಪ್ಟಾ.

"ದೇವರು ಮುಖ ನೋಡುದು, ಕಾಲಲ್ಲ ಮಾರಾಯ್ತಿ."

ಆಗ ನಕ್ಕಳು. ಆದರೆ ಪೂಜೆಯ ನಡುವೆ ಮೊಣಕಾಲೂರಿದ್ದವನು ಏಳುವಾಗ ಮುಂದಿನ ಬೆಂಚನ್ನು ಗಬಕ್ಕನೆ ಹಿಡಿದುಕೊಂಡದ್ದನ್ನು ಕಂಡ ಮೇಲೆ ಅವಳಿಗೆ ಪ್ರಾರ್ಥನೆ ತಲೆಗೆ ಹೋಗಲಿಲ್ಲ. ಆ ವಾರದಲ್ಲಿ ಅದು ಮೂರನೇ ಸಲ. ನಾಳೆ ಶನಿವಾರ ಮಧ್ಯಾಹ್ನದಿಂದ ಅವನು ಬಸ್ ಓಡಿಸಬೇಕು. ಇಂಡಸ್ಟ್ರಿಯಲ್ ಏರಿಯಾದ ಕಂಪನಿಯೊಂದರಲ್ಲಿ ಅವನು ಟ್ರಾನ್ಸ್‌ಪೋರ್ಟ್ ಸೂಪರ್‌ವೈಸರ್. ಸ್ಟೀರಿಂಗ್ ಮುಟ್ಟದೆ ಆರು ವರ್ಷವಾಗಿತ್ತು. ಈ ಅರಬ್ ದೇಶಕ್ಕೆ ಫುಟ್‌ಬಾಲ್ ವರ್ಲ್ಡ್ ಕಪ್ ಬಂದದ್ದೇ ಡ್ರೈವರ್‌ಗಳು ಸಾಲದೆ, ಹೆವಿ ಲೈಸೆನ್ಸ್ ಇದ್ದವರನ್ನೆಲ್ಲ ಸ್ಟೇಡಿಯಂ ಬಸ್ಸಿಗೆ ಹತ್ತಿಸಿದ್ದರು. ಬೆನ್ನ ಹಿಂದೆ ಐವತ್ತು ಜನ, ಹಾಡು, ಡೋಲು, ಬಾವುಟ. ಸ್ಟೀರಿಂಗ್ ಹಿಡಿದವನಿಗೆ ತಲೆ ತಿರುಗಿದರೆ?

ನಜ್ಮಾ ಬಡಾವಣೆಯ ತಮ್ಮ ಮನೆಗೆ ಬಂದವಳು ಬಟ್ಟೆ ಬದಲಿಸದೆ ಏಳು ಮುಚ್ಚಳದ ಮಾತ್ರೆ ಡಬ್ಬಿ ಹಿಡಿದು ಕೂತಳು. ಇಲ್ಲಿಯ ವಾರದ ರಜೆಯಾದ ಪ್ರತಿ ಶುಕ್ರವಾರ, ಪೂಜೆ ಮುಗಿಸಿ ಬಂದು, ವಾರಕ್ಕಾಗುವಷ್ಟು ತುಂಬಿಡುವುದು ಅವಳದೇ ಕೆಲಸ. ಎರಡು ಸ್ಟ್ರಿಪ್. ಒಂದು ಬಿ.ಪಿ.ಗೆ ಅಂತ ಊರಲ್ಲಿ ಶಿರ್ವದ ಡಾಕ್ಟ್ರು ಬರೆದದ್ದು. ರಜೆಯಿಂದ ಬರುವಾಗ ಮೆಣಸಿನ ಪುಡಿ, ಒಣಮೀನಿನ ನಡುವೆ ಸೂಟ್‌ಕೇಸಿನಲ್ಲಿ ವರ್ಷಕ್ಕಾಗುವಷ್ಟು ತಂದಿದ್ದರು. ಇನ್ನೊಂದು, ಬಿ.ಪಿ. ಇಳಿಯಲಿಲ್ಲವೆಂದು ಹತ್ತು ದಿನದ ಹಿಂದೆ ಇಲ್ಲಿಯ ಡಾಕ್ಟರ್ ನಾರಾಯಣಸ್ವಾಮಿ ಬರೆದದ್ದು. ಹೆಸರು ಬೇರೆ, ಬಣ್ಣ ಬೇರೆ. ತಾರೀಕು ನೋಡಲು ಕನ್ನಡಕ ಹಾಕಿಕೊಂಡಾಗಲೇ ದೊಡ್ಡ ಹೆಸರಿನ ಕೆಳಗೆ ಇರುವೆಯಂಥ ಅಕ್ಷರದಲ್ಲಿದ್ದ ಮದ್ದಿನ ಹೆಸರು ಕಾಣಿಸಿದ್ದು. ಎರಡರಲ್ಲೂ ಒಂದೇ. ಹತ್ತು ದಿನದಿಂದ ಅವಳು ತನ್ನ ಕೈಯಾರೆ ಗಂಡನಿಗೆ ಒಂದೇ ಮದ್ದನ್ನು ಎರಡೆರಡು ಸಲ ಕೊಡುತ್ತಿದ್ದಳು.

"ಏಳಿ, ಡಾಕ್ಟ್ರ ಹತ್ರ ಹೋಗುವ."

"ನಿಂಗೆ ಎಂತ ಗೊತ್ತುಂಟು? ಅವರು ಓದಿದವರು. ಅದೂ ನಮ್ಮವರು. ಅವರ ಮೇಲೆ ಡೌಟ್ ಮಾಡುದಾ?"

ನಮ್ಮವರು ಅನ್ನುವ ಕಾರಣಕ್ಕೇ ಅಲ್ಲವೇ, ಮನೆ ಕೆಳಗೇ ಇದ್ದ ಕ್ಲಿನಿಕ್ ಬಿಟ್ಟು ಬಿಸಿಲಲ್ಲಿ ಅಲ್ ಮುಂತಜಾದಲ್ಲಿದ್ದ ಇವರ ಕ್ಲಿನಿಕ್ಕಿನವರೆಗೆ ನಡೆದದ್ದು? ಎದೆಯೊಳಗೆ ಕೂತ ನೋವನ್ನು ಇಂಗ್ಲಿಷಿನಲ್ಲಿ ಹೇಳುವುದು ಕಷ್ಟ. ಅಲ್ಲಿಯಾದರೆ ಡಾಕ್ಟರ ಕೋಲಾರದ ಕನ್ನಡಕ್ಕೆ ಇವರಿಬ್ಬರ ಕರಾವಳಿ ಕನ್ನಡ ಸಿಕ್ಕಿದ್ದೇ ನಗು ಶುರು. ಆ ದಿನ ಶಿರ್ವದ ಸ್ಟ್ರಿಪ್ ಅವಳ ಬ್ಯಾಗಿನಲ್ಲೇ ಇತ್ತು. ಡಾಕ್ಟ್ರು ಕೇಳಲಿಲ್ಲ, ಅವಳು ತೆಗೆಯಲಿಲ್ಲ. ಅವರ ಎದುರು ಇನ್ನೊಬ್ಬ ಡಾಕ್ಟರ ಮದ್ದು ತೆಗೆದಿಟ್ಟರೆ ಬೇಜಾರು ಮಾಡಿಕೊಂಡಾರು ಅನಿಸಿತ್ತು. ಈಗ ಎರಡೂ ಸ್ಟ್ರಿಪ್ ಬ್ಯಾಗಿಗೆ ಹಾಕಿಕೊಂಡಳು.

"ಡೌಟ್ ಅಲ್ಲ, ಕೇಳುದು," ಅಂದಳು. "ನೀವು ಬರದಿದ್ರೆ ನಾನೊಬ್ಳೇ ಹೋಗ್ತೇನೆ."

ಸಂಜೆ ಡಾಕ್ಟ್ರು ಬಾಗಿಲಲ್ಲೇ ಬರಮಾಡಿಕೊಂಡರು. "ಏನ್ ಮಾರಿಸ್, ಚಪ್ಪಲೀಲಿ ಬಂದಿದ್ದೀರ? ಮೆಸ್ಸೀನ ನೋಡೋಕ್ಕೆ ಟಿಕೆಟ್ ಸಿಕ್ತಾ?"

ಕೊನ್ಸೆಪ್ಟಾ ಎರಡೂ ಸ್ಟ್ರಿಪ್ ಮೇಜಿನ ಮೇಲಿಟ್ಟಳು.

ಡಾಕ್ಟರ ಮುಖದ ನಗು ಮೆಲ್ಲಗೆ ಇಳಿಯಿತು. ಸ್ಟ್ರಿಪ್ ಮಗುಚಿ ನೋಡಿದರು. ಬಿ.ಪಿ. ನೋಡಿದರು, ಕೂರಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ. ಊದಿದ ಪಾದವನ್ನು ಹೆಬ್ಬೆರಳಿನಿಂದ ಒತ್ತಿದರು. ಬಿದ್ದ ಗುಳಿ ಬಹಳ ಹೊತ್ತು ಹಾಗೇ ಉಳಿಯಿತು. ಆಮೇಲೆ ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿದರು. ಈಗ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂಬ ಪ್ರಶ್ನೆಯ ಮುಂದೆ ಖಾಲಿ.

"ಒಂದೇ ಮದ್ದು ಡಬಲ್ ಆಗಿದ್ದಕ್ಕೇ ಈ ಊತ, ತಲೆ ತಿರುಗೋದು. ತಪ್ಪು ನಂದೇ ಕಣಮ್ಮ," ಅಂದರು. "ಫಿಲಿಪೀನ್ಸಿನವರು ಬರ್ಲಿ, ನೇಪಾಳದವರು ಬರ್ಲಿ, ಒಂದೊಂದೂ ಕೇಳ್ತೀನಿ. ಅವತ್ತು ನೀವು ಬಂದ್ರಿ, ನೀರ್‌ದೋಸೆ ಮೇಲೋ ಮುದ್ದೆ ಮೇಲೋ ಅಂತ ಹರಟೆ ಶುರುವಾಯ್ತು. ಮಾತಾಡ್ತಾ ಮಾತಾಡ್ತಾ ಬರೆದ್‌ಬಿಟ್ಟೆ."

ಬೈಯಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಅವಳ ಬಾಯಿಗೆ ಬರಲಿಲ್ಲ. "ಸ್ಟ್ರಿಪ್ ಅವತ್ತು ನನ್ನ ಬ್ಯಾಗಲ್ಲೇ ಇತ್ತು ಡಾಕ್ಟ್ರೆ," ಅಂದಳು. "ತೋರಿಸ್ಲಿಕ್ಕೆ ನಾಚಿಕೆ ಆಯ್ತು."

"ತೋರಿಸ್ಬೇಕಿತ್ತು. ಆದ್ರೆ ಕೇಳೋದು ನನ್ ಕೆಲ್ಸ." ಡಾಕ್ಟ್ರು ಕುರ್ಚಿ ಮುಂದಕ್ಕೆಳೆದುಕೊಂಡು, ಹೊಸ ರೋಗಿಯನ್ನು ಕೇಳುವ ಹಾಗೆ ಮೊದಲಿನಿಂದ ಶುರು ಮಾಡಿದರು. ಸಕ್ಕರೆ? ಇಲ್ಲ. ಅಲರ್ಜಿ? ಇಲ್ಲ. ಆಯುರ್ವೇದ, ಕಷಾಯ? ಇಲ್ಲ. "ನೋವಿನ ಮಾತ್ರೆ?"

"ಇಲ್ಲ," ಅಂದ ಮಾರಿಸ್, ತುಸು ಬೇಗ.

ಡಾಕ್ಟ್ರು ಟೈಪ್ ಮಾಡಲಿಲ್ಲ. ಕಾದರು. ಮಾರಿಸ್ ಚಪ್ಪಲಿ ನೋಡಿದ, ಹೆಂಡತಿಯನ್ನು ನೋಡಿದ, ಆಮೇಲೆ ಪ್ಯಾಂಟಿನ ಜೇಬಿನಿಂದ ಮಡಚಿದ ಸ್ಟ್ರಿಪ್ಪೊಂದನ್ನು ತೆಗೆದಿಟ್ಟ. "ಬೆನ್ನು ನೋವಿಗೆ. ಲೇಬರ್ ಕ್ಯಾಂಪಿನಲ್ಲಿರುವ ಬಾವ ಕೊಡುದು. ದಿನಕ್ಕೆ ಎರಡು."

"ಎಷ್ಟು ದಿನದಿಂದ?"

"ರಜೆಯಿಂದ ಬಂದ ಮೇಲೆ."

"ನನ್ನ ಕಣ್ಣೆದುರೇ!" ಅಂದಳು ಕೊನ್ಸೆಪ್ಟಾ. "ಹೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ?"

"ಹೇಳಿದ್ರೆ ನೀನು ಡ್ಯೂಟಿಗೆ ಬಿಡ್ತಿದ್ಯಾ?"

ಡಾಕ್ಟ್ರು ಆ ಸ್ಟ್ರಿಪ್ ಎತ್ತಿ ಹೆಸರು ಓದಿದರು. "ಈ ಮಾತ್ರೆ ಬಿ.ಪಿ.ನ ಏರಿಸುತ್ತೆ ಮಾರಿಸ್. ಊರಿನ ಮದ್ದು ಕೆಲ್ಸ ಮಾಡ್ಲಿಲ್ಲ ಅಂತ ನಾವಂದ್ಕೊಂಡಿದ್ದು ಬಹುಶಃ ಇದರಿಂದ್ಲೇ. ಅವತ್ತು ಈ ಒಂದು ಪ್ರಶ್ನೆ ಕೇಳಿದ್ದಿದ್ರೆ ಹೊಸ ಮದ್ದೇ ಬೇಕಿರ್ಲಿಲ್ಲವೇನೋ." ಅವರು ಬರೆದು, ಬರೆದದ್ದನ್ನು ಓದಿ ಹೇಳಿದರು. ಇವತ್ತು ಯಾವುದೂ ಬೇಡ. ಬೆನ್ನಿನ ಮಾತ್ರೆ ಇನ್ನು ಮುಟ್ಟಬಾರದು. ನಾಳೆ ಬೆಳಿಗ್ಗೆ ರಕ್ತ ಪರೀಕ್ಷೆ, ಮತ್ತೆ ಬಿ.ಪಿ., ಆಮೇಲೆ ಮದ್ದಿನ ಮಾತು. "ನಾನು ಹೇಳೋತನಕ ಬಸ್ ಮುಟ್ಟೋ ಹಾಗಿಲ್ಲ."

"ನಾಳೆ ಡ್ಯೂಟಿ ಉಂಟು ಡಾಕ್ಟ್ರೆ. ಎಂತ ಹೇಳುದು ಆಫೀಸಿಗೆ?"

"ಡಾಕ್ಟ್ರು ತಪ್ಪು ಮದ್ದು ಕೊಟ್ರು ಅಂತ ಹೇಳಿ. ಚೀಟೀಲಿ ಹಾಗೇ ಬರ್ದಿದ್ದೀನಿ, ಸೀಲೂ ಹಾಕಿದ್ದೀನಿ."

ಕೊನ್ಸೆಪ್ಟಾ ಚೀಟಿ ಓದಿದಳು. ಹಾಗೇ ಬರೆದಿತ್ತು.

ಹೊರಗೆ ಬೀದಿ ತುಂಬ ಜನ. ನೀಲಿ ಬಿಳಿ ಪಟ್ಟೆಯ ಅಂಗಿಯವರು ಯಾರ ಯಾರ ಜೊತೆಗೋ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಮಾರಿಸ್ ಫೋನಿನಲ್ಲಿ ಆಫೀಸಿಗೆ ಹೇಳುತ್ತ ನಡೆದ. "ನಾಳೆ ನಾನು ಮಾಫಿ, ಬರುದಿಲ್ಲ. ನನ್ನ ಬದಲು ಡ್ರೈವರ್ ಗಿರಿಯಪ್ಪನನ್ನು ಹಾಕಿ... ಹೌದು, ಚೀಟಿ ಉಂಟು." ಅವರ ಕಂಪನಿಯ ಬಸ್ಸೊಂದು ಸಿಗ್ನಲ್ ದಾಟಿ ಹೋಯಿತು. ಅದು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದ.

"ಇನ್ನು ಬೇರೆ ಡಾಕ್ಟ್ರ ಹತ್ರ ಹೋಗುವನಾ?" ಅಂದ.

ಕೊನ್ಸೆಪ್ಟಾ ಅವನ ತೋಳಿನೊಳಗೆ ಕೈ ಸೇರಿಸಿದಳು. ಪ್ರೀತಿಗಿಂತ, ಬಿದ್ದಾನೆಂಬ ಭಯಕ್ಕೆ.

"ಬೇಡ. ಇವರಿಗೆ ಈಗ ನಮ್ಮ ಹೆದರಿಕೆ ಉಂಟು. ಇನ್ನು ಕೇಳದೆ ಬರೆಯುದಿಲ್ಲ." ನಾಲ್ಕು ಹೆಜ್ಜೆ ಹಾಕಿ ಮತ್ತೆ ಅಂದಳು, "ಬೆಳಿಗ್ಗೆ ನಾನೂ ಬರ್ತೇನೆ. ಮನೆಯಲ್ಲಿರುವ ಮದ್ದೆಲ್ಲ ಚೀಲದಲ್ಲಿ ಹಾಕಿ. ಮೊದಲು ಆ ಜೇಬು ಖಾಲಿ ಮಾಡಿ, ಇನ್ನೊಂದು ಜೇಬು ಕೂಡ."

ಮಾರಿಸ್ ನಿಂತ. ಇನ್ನೊಂದು ಜೇಬಿಗೆ ಕೈ ಹಾಕಿ, ಅದೇ ಬೆನ್ನಿನ ಮಾತ್ರೆಯ ಅರ್ಧ ಮುಗಿದ ಇನ್ನೊಂದು ಸ್ಟ್ರಿಪ್ ತೆಗೆದು ಅವಳ ಕೈಯಲ್ಲಿಟ್ಟ.