ಅಕ್ಕಾ, ನೀವೇ ಹಾಕಿ

"ಹಾಕೇ. ಹಾಕೇ ಅಂದೆ," ಎಂದು ಲ್ಯಾಬ್ ಮೇಡಂ ಗೆರೆಯಾಚೆ ನಿಂತು ಹಲ್ಲು ಕಚ್ಚಿದರು.

ಬ್ಯಾಸ್ಕೆಟ್ಟಿನ ಕೆಳಗೆ, ಎಲ್ಲರೂ ಕಡ್ಡಿ ಎಂದು ಕರೆಯುತ್ತಿದ್ದ ಮೊದಲ ವರ್ಷದ ಹುಡುಗಿ ಒಬ್ಬಳೇ ಇದ್ದಳು. ಅವಳನ್ನು ತಡೆಯಲು ಒಂದು ನರಪಿಳ್ಳೆಯೂ ಇರಲಿಲ್ಲ. ಆದರೂ ಅವಳು ಚೆಂಡನ್ನು ಎದೆಗವಚಿಕೊಂಡು, ಎದುರಾಳಿಗಳಿಬ್ಬರ ನಡುವೆ ಸಿಕ್ಕಿಬಿದ್ದಿದ್ದ ಕ್ಯಾಪ್ಟನ್ನನ್ನು ಹುಡುಕಿದಳು. "ಅಕ್ಕಾ, ನೀವೇ ಹಾಕಿ." ಚೆಂಡು ಕ್ಯಾಪ್ಟನ್ ಕೈ ಮುಟ್ಟುವಷ್ಟರಲ್ಲಿ ಇಪ್ಪತ್ನಾಲ್ಕು ಸೆಕೆಂಡು ಮುಗಿದು ಸೀಟಿ ಕೇಳಿಸಿತು. ಅಷ್ಟರೊಳಗೆ ಎಸೆಯದಿದ್ದರೆ ಚೆಂಡು ಎದುರಾಳಿಗೆ. ಈ ಪಂದ್ಯದಲ್ಲಿ ಹೀಗಾದದ್ದು ಇದು ಆರನೆಯ ಸಲ.

ಮೇಡಮ್ಮಿಗೆ ಸಂಬಳ ಬರುತ್ತಿದ್ದದ್ದು ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಬಾಟಲಿ ತೊಳೆದು ಚೀಟಿ ಅಂಟಿಸುವುದಕ್ಕೆ. ಸಂಜೆ ಕಾಲೇಜಿನಲ್ಲಿ ಓದುವಾಗ ಎರಡು ವರ್ಷ ಆಡಿದ್ದರೆಂಬ ಒಂದೇ ತಪ್ಪಿಗೆ ಹುಡುಗಿಯರ ತಂಡ ಅವರ ಕೊರಳಿಗೆ ಬಿದ್ದಿತ್ತು. ಈ ವರ್ಷ ಹನ್ನೊಂದು ಪಂದ್ಯ, ಹನ್ನೊಂದು ಸೋಲು. ಇವತ್ತಿನ ಹನ್ನೆರಡನೆಯದು ಕೊನೆಯದು. ಇದನ್ನೂ ಸೋತರೆ ತಂಡವನ್ನು ಮುಚ್ಚಿ, ಅಂಕಣವನ್ನು ಅಧ್ಯಾಪಕರ ಕಾರು ನಿಲ್ಲಿಸಲು ಬಿಡುವುದಾಗಿ ಪ್ರಿನ್ಸಿಪಾಲರು ಹೇಳಿಯಾಗಿತ್ತು.

ಹುಡುಗಿಯರು ಒಳ್ಳೆಯವರು. ತೊಂದರೆ ಇದ್ದದ್ದೇ ಅಲ್ಲಿ. ಬಸ್ಸಿನಲ್ಲಿ ಹಿರಿಯರಿಗೆ ಸೀಟು ಬಿಡುವ ಹಾಗೆ ಚೆಂಡು ಬಿಟ್ಟುಕೊಡುತ್ತಿದ್ದರು. ಮೊದಲ ವರ್ಷದವಳು ಎರಡನೆಯ ವರ್ಷದವಳಿಗೆ, ಅವಳು ಮೂರನೆಯ ವರ್ಷದವಳಿಗೆ. ಅಭ್ಯಾಸದಲ್ಲಿ ಹತ್ತಕ್ಕೆ ಒಂಬತ್ತು ಹಾಕುವ ಕಡ್ಡಿ ಪಂದ್ಯದಲ್ಲಿ ಬರೀ ಟಪಾಲು ಹಂಚುತ್ತಿದ್ದಳು. ಅಂಕಣದಲ್ಲಿ ಅಕ್ಕ ಅಂದವರು ಹತ್ತು ಸುತ್ತು ಓಡಬೇಕೆಂದು ಮೇಡಂ ಕಟ್ಟಪ್ಪಣೆ ಮಾಡಿ ನೋಡಿದ್ದರು. ಓಡಿದರು. ಏದುಸಿರು ಬಿಡುತ್ತಾ, "ಅಕ್ಕಾ, ನೀವು ಮುಂದೆ ಹೋಗಿ" ಎಂದು ದಾರಿ ಬಿಟ್ಟುಕೊಡುತ್ತಲೇ ಓಡಿದರು.

ಮೂರನೆಯ ಕ್ವಾರ್ಟರ್ ಮುಗಿದಾಗ ಒಂಬತ್ತು ಅಂಕ ಹಿಂದಿದ್ದರು.

"ಕೈ ಇರೋದು ಯಾತಕ್ಕೆ, ಅಕ್ಕನಿಗೆ ಆರತಿ ಎತ್ತೋಕಾ?" ಎಂದು ಮೇಡಂ ಕಡ್ಡಿಯನ್ನು ಕೇಳಿದರು.

"ಅಕ್ಕ ಕೈ ಎತ್ತಿದ್ರು ಮೇಡಂ."

"ಬೇಡ ಅಂತ ಎತ್ತಿದ್ದು ಕಣೇ," ಎಂದಳು ಕ್ಯಾಪ್ಟನ್. ಜರ್ಸಿಯಲ್ಲಿ ಮುಖ ಒರೆಸಿಕೊಂಡು, ಮೇಡಮ್ಮಿನ ಕಡೆ ತಿರುಗಿದಳು. "ನನ್ನ ಹೊರಗೆ ಕೂರ್ಸಿ ಮೇಡಂ. ನಾನು ಒಳಗಿರೋ ತನಕ ಇವಳು ಹಾಕಲ್ಲ."

"ನಿಂದು ಇದೇ ಕೊನೇ ಮ್ಯಾಚು."

"ಗೊತ್ತು. ಕೂರ್ಸಿ."

ಮೇಡಂ ಪಕ್ಕದ ಕುರ್ಚಿಯಲ್ಲಿದ್ದ ಕ್ರೀಡಾ ನಿರ್ದೇಶಕರನ್ನು ನೋಡಿದರು. ಪ್ರತಿ ಪಂದ್ಯದಲ್ಲೂ ನೋಡುತ್ತಿದ್ದರು. "ಸಾರ್, ನೀವೇನಂತೀರಿ?"

ನಿರ್ದೇಶಕರು ಮೊಬೈಲಿನಿಂದ ತಲೆ ಎತ್ತಿದರು. "ಒಬ್ಬಳನ್ನ ಬೇಕಾದ್ರೆ ಕೂರ್ಸಿ. ಉಳಿದಿದ್ದು ಹೆಂಗಿದ್ಯೋ ಹಂಗೇ ಇರಲಿ."

ಕ್ಯಾಪ್ಟನ್ ಬೆಂಚಿಗೆ ಬಂದಳು, ಅವಳ ಜಾಗಕ್ಕೆ ಎರಡನೆಯ ವರ್ಷದವಳೊಬ್ಬಳು ಹೋದಳು. ಆಟ ಶುರುವಾಯಿತು. ಕಡ್ಡಿಗೆ ಚೆಂಡು ಸಿಕ್ಕಿತು. ಅವಳು ಅತ್ತ ನೋಡಿದಳು, ಇತ್ತ ನೋಡಿದಳು, ಉಪನಾಯಕಿಗೆ ಕೊಟ್ಟಳು. "ಅಕ್ಕಾ."

ಮೇಡಂ ಹಣೆ ಚಚ್ಚಿಕೊಂಡರು. ಆಮೇಲೆ ಬೆಂಚಿನಲ್ಲಿದ್ದ ಮೊದಲ ವರ್ಷದ ನಾಲ್ವರನ್ನೂ ಎಬ್ಬಿಸಿ, ಸ್ಕೋರ್ ಬರೆಯುವವರ ಮೇಜಿನ ಹತ್ತಿರ ಕರೆದೊಯ್ದು ನಿಲ್ಲಿಸಿದರು.

"ಏನ್ರೀ ಇದು? ನನ್ನ ಒಂದು ಮಾತು ಕೇಳ್ಬೇಕಲ್ವಾ?" ಎಂದರು ನಿರ್ದೇಶಕರು.

"ಕೇಳ್ತಾ ಕೂತ್ರೆ ಇಪ್ಪತ್ನಾಲ್ಕು ಸೆಕೆಂಡ್ ಆಗೋಗುತ್ತೆ ಸಾರ್."

ಹಿರಿಯರು ನಾಲ್ವರೂ ಹೊರಗೆ ಬಂದರು. ಅಂಕಣದಲ್ಲಿ ಈಗ ಐವರೂ ಒಂದೇ ವರ್ಷದವರು. ಚೆಂಡು ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂದು ಕಡ್ಡಿಯ ಕೈಯಲ್ಲಿ ನಿಂತಿತು. ಅವಳು ಬೆಂಚಿನ ಕಡೆ ನೋಡಿದಳು. ಕ್ಯಾಪ್ಟನ್ ಬಗ್ಗಿ, ಸರಿಯಾಗಿಯೇ ಇದ್ದ ಬೂಟಿನ ದಾರವನ್ನು ಬಿಚ್ಚಿ ಕಟ್ಟತೊಡಗಿದಳು.

ಕಡ್ಡಿ ಎಸೆದಳು. ಚೆಂಡು ಬೋರ್ಡಿಗೂ ತಗಲದೆ ಆಚೆ ಹೋಯಿತು. ಮುಂದಿನದು ಬಿತ್ತು. ಅದರ ಮುಂದಿನದೂ ಬಿತ್ತು. ಆಮೇಲೆ ಮೇಡಂ ಇಡೀ ವರ್ಷ ಕೇಳದ ಮಾತುಗಳು ಅಂಕಣದಿಂದ ಕೇಳಿಬಂದವು. "ನಂಗೆ ಕೊಡೇ, ಗೂಬೆ." "ನೀನು ಹಾಕಿದ್ದಾಯ್ತಲ್ಲ, ಸಾಕು." ಒಂಬತ್ತು ಅಂಕದ ಅಂತರ ಆರಾಯಿತು, ನಾಲ್ಕಾಯಿತು, ಎರಡಾಯಿತು. ಎರಡರಲ್ಲೇ ಪಂದ್ಯ ಮುಗಿಯಿತು.

ಹನ್ನೆರಡಕ್ಕೆ ಹನ್ನೆರಡೂ ಸೋಲು. ನಿರ್ದೇಶಕರು ಎದ್ದು ಹೋದರು. ಇದನ್ನೇ ಮೊದಲ ಪಂದ್ಯದಲ್ಲಿ ಮಾಡಬಹುದಿತ್ತಲ್ಲ ಎಂದು ಮೇಡಂ ತಮ್ಮನ್ನೇ ಬೈದುಕೊಳ್ಳುತ್ತಾ ಅಂಕಣದ ಗೇಟು ಹಾಕಲು ಬಂದರು. ಹೊರಗೆ ಅರ್ಥಶಾಸ್ತ್ರದ ಅಧ್ಯಾಪಕರ ಕಾರು ಆಗಲೇ ಗೇಟಿಗೆ ಮೂತಿ ತಾಗಿಸಿ ನಿಂತಿತ್ತು.

"ಮುಗೀತಲ್ಲ ಮೇಡಂ, ಇಲ್ಲೇ ನಿಲ್ಲಿಸ್ಬಹುದಂತೆ?"

ಒಳಗೆ ಕಡ್ಡಿ ಇನ್ನೂ ಎಸೆಯುತ್ತಿದ್ದಳು. ಕ್ಯಾಪ್ಟನ್ ರಿಂಗಿನ ಕೆಳಗೆ ನಿಂತು, ಬಿದ್ದ ಚೆಂಡನ್ನು ಹಿಡಿದು ಅವಳಿಗೆ ವಾಪಸು ಕೊಡುತ್ತಿದ್ದಳು.

"ಸ್ವಲ್ಪ ತಡೀರಿ ಸಾರ್," ಎಂದ ಮೇಡಂ, ಗೇಟಿನ ಎರಡು ಕದಗಳಲ್ಲಿ ತೆರೆದಿದ್ದ ಒಂದಕ್ಕೆ ಬೆನ್ನು ಕೊಟ್ಟು ನಿಂತರು. ಇನ್ನೊಂದನ್ನು ತೆರೆಯಲಿಲ್ಲ. ಅಧ್ಯಾಪಕರು ಒಮ್ಮೆ ಹಾರ್ನ್ ಹೊಡೆದರು. ಸ್ವಲ್ಪ ಹೊತ್ತಿನ ಮೇಲೆ ಇಂಜಿನ್ ಆರಿಸಿದರು.